ಅಬ್ನರಜ್ಜನ ಮೂಲೆ ಮರ

ನಾನು ಹುಟ್ಟಾ ಪುಕ್ಕಲಿ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನಿಂದ ಸಾಹಸ ನಿರೀಕ್ಷಿಸಬಾರದು. ಕೋಳಿಗೂಡಿನಲ್ಲಿ ಹಾವಿದೆ ಅಂದರೆ ಮೊಟ್ಟೆಯ ಆಸೆಯನ್ನೇ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಳ್ಳುವವಳು ನಾನು. ಅಂಥವಳ ಕೈಗೆ ಆ ವಾರ ಒಂದು ಜೀವ ಬಂದು ಬಿದ್ದಿತ್ತು. ನನ್ನ ಅಣ್ಣ ಹರ್ಶೆಲ್ ಪ್ರೆವಿಟ್‌ನದೋ, ಪಕ್ಕದ ಜಮೀನಿನ ಕ್ಲೀಟಸ್ ವಾರ್ನಾಕ್‌ನದೋ, ಅದೊಂದು ಮಾತ್ರ ಗೊತ್ತಿರಲಿಲ್ಲ.

ಜಗಳ ಟೋಲ್ಬರ್ಟ್ ಹಳ್ಳದ ಮೇಲಿನ ಇಳಿಜಾರಿಗೆ. ಕ್ಲೀಟಸ್ ಅಲ್ಲಿನ ಮರಗಳನ್ನು ಮಾರಲು ಹೊರಟಿದ್ದ. ಹರ್ಶೆಲ್, ಅದು ನನ್ನ ಇಳಿಜಾರು ಅಂದ. ಇಬ್ಬರ ಹಳೆಯ ಪತ್ರಗಳಲ್ಲೂ ಮೂಲೆಯ ಗುರುತು ‘ಒಂದು ಬಿಳಿ ಓಕ್ ಮರ’ ಅಂತಷ್ಟೇ ಇತ್ತು. ನಮ್ಮ ಗುಡ್ಡದಲ್ಲಿ ಬಿಳಿ ಓಕ್ ಮರಗಳಿಗೇನು ಬರಗಾಲವೇ? ಹರ್ಶೆಲ್‌ಗೆ ಅದು ಗುಡ್ಡದ ನೆತ್ತಿಯ ದೊಡ್ಡ ಮರ. ಕ್ಲೀಟಸ್‌ಗೆ ಕೆಳಗಿನ ಒರತೆಯ ಹತ್ತಿರ ಯಾವ ಕಾಲದಲ್ಲೋ ಇದ್ದು ಬಿದ್ದುಹೋದ ಇನ್ನೊಂದು. ಹಿಂದಿನ ತಿಂಗಳು ಗರಗಸ ಹಿಡಿದು ಬಂದ ಕ್ಲೀಟಸ್‌ನ ಆಳುಗಳ ತಲೆಯ ಮೇಲಿಂದ ಹಾಯುವ ಹಾಗೆ ಹರ್ಶೆಲ್ ಒಂದು ಗುಂಡು ಹಾರಿಸಿದ್ದ. ಅದಾದ ಮೇಲೆ ಕ್ಲೀಟಸ್ ಪೇಟೆಯಿಂದ ಒಬ್ಬ ಸರ್ವೇಯರನನ್ನು ಗೊತ್ತುಮಾಡಿದ. ಗುರುವಾರ ಬೆಳಿಗ್ಗೆ ಇಬ್ಬರೂ ಬಂದು ಗಡಿಯುದ್ದಕ್ಕೂ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟುವುದೆಂದು ಊರಿಗೆಲ್ಲ ಸುದ್ದಿಯಾಯಿತು.

“ಕಟ್ಲಿ,” ಅಂದ ಹರ್ಶೆಲ್, ನನ್ನ ಅಡುಗೆಮನೆಯಲ್ಲಿ ಬೀನ್ಸ್ ಸಾರಿಗೆ ಮೆಕ್ಕೆಜೋಳದ ರೊಟ್ಟಿ ಪುಡಿಮಾಡಿ ಹಾಕಿಕೊಳ್ಳುತ್ತಾ. “ಈ ಸಲ ತಲೆ ಮೇಲಿಂದ ಹಾರಿಸಲ್ಲ ಸಿಸ್.” ಸಿಸ್ ಅಂದರೆ ತಂಗಿ, ನನ್ನನ್ನು ಅವನು ಕರೆಯುವುದೇ ಹಾಗೆ.

“ಬಾಯಿ ಮುಚ್ಚೋ. ಎಪ್ಪತ್ತೊಂದು ವರ್ಷ ಆಯ್ತು, ಇನ್ನೂ ಪುಂಡಾಟ ಬಿಡ್ಲಿಲ್ಲ ನೀನು.”

“ಪುಂಡಾಟ ಅಲ್ಲ ಕಣೆ. ಹೇಳ್ತಾ ಇದೀನಿ, ಅಷ್ಟೆ.”

ಅವನು ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಕೂಗಾಡುವ ಹರ್ಶೆಲ್‌ನನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಈ ಮಾತನ್ನು ಅವನು ನಾಳೆ ಮಳೆ ಬರುತ್ತೆ ಅನ್ನುವ ಹಾಗೆ ಹೇಳಿದ. ನಮ್ಮ ಸೋದರಮಾವ ಹಂದಿದೊಡ್ಡಿಯ ಬೇಲಿಗಾಗಿ ಒಬ್ಬನನ್ನು ಕೊಂದು ಜೈಲಿನಲ್ಲೇ ಸತ್ತವನು. ಅವನೂ ಹಿಂದಿನ ದಿನ ಹೀಗೇ ತಣ್ಣಗೆ ಮಾತಾಡಿದ್ದನಂತೆ, ಅಮ್ಮ ಹೇಳುತ್ತಿದ್ದಳು. ಷೆರೀಫ್‌ಗೆ ಹೇಳೋಣವೆಂದರೆ ಅವನ ಹೆಂಡತಿ ಕ್ಲೀಟಸ್‌ನ ಚಿಕ್ಕಪ್ಪನ ಮಗಳು. ಅವನು ನಾಲ್ಕು ಜನ ಬಂದೂಕಿನವರನ್ನು ಕಟ್ಟಿಕೊಂಡು ಬಂದರೆ ಮುಗಿದೇ ಹೋಯಿತು.

“ನೀನು ಸತ್ತೋರ್ನೆಲ್ಲ ಅಗೀತಾ ಕೂತಿರ್ತೀಯಲ್ಲ,” ಅಂದ ಹರ್ಶೆಲ್. “ಕೋರ್ಟಿಗೆ ಹೋಗು. ಅಬ್ನರಜ್ಜನ ಕಾಗದ ಹುಡ್ಕು. ಮೂಲೆ ಮರ ಮೇಲೈತೆ ಅಂತ ಬರೆದಿರೋದು ಒಂದು ಸಿಕ್ಕಿದ್ರೆ ಆ ಸರ್ವೇಯರ್ ಬಾಯಿ ಮುಚ್ಕೊಂಡು ವಾಪಸ್ ಹೋಗ್ತಾನೆ. ಗುಂಡೂ ಬೇಡ, ಗಲಾಟೆನೂ ಬೇಡ.”

ಗುಂಡು ಬೇಡ ಅನ್ನುವ ಮಾತು ಕೇಳಿದ್ದೇ ನಾನು ಕೋಟು ಹುಡುಕತೊಡಗಿದೆ.

ನಮ್ಮ ಕೆಂಟಕಿ ಬೆಟ್ಟಗಳಲ್ಲಿ ಮುದುಕಿಯರಿಗೆ ಎರಡೇ ಹವ್ಯಾಸ: ಕೌದಿ ಹೊಲಿಯುವುದು, ವಂಶ ಹುಡುಕುವುದು. ಸೂಜಿ ಚುಚ್ಚೀತೆಂಬ ಭಯಕ್ಕೆ ನಾನು ಎರಡನೆಯದನ್ನು ಹಿಡಿದವಳು. ಅಬ್ನರ್ ಪ್ರೆವಿಟ್ ನಮ್ಮ ಮೂಲಪುರುಷ. ಈ ಕಡೆ ಇನ್ನೂ ಕಾಡೇ ಕಾಡಾಗಿದ್ದಾಗ, ಒಂದು ಬಂದೂಕು ಮತ್ತು ಒಂದು ಚೀಲ ಬೀಜದ ಜೋಳ ಹೊತ್ತು ಕಣಿವೆ ದಾಟಿ ಬಂದವನು. ಯಾರದೋ ಬೇಟೆಯ ನೆಲವಾಗಿದ್ದ ಜಾಗದಲ್ಲಿ ಒಂದು ಬೆಳೆ ತೆಗೆದು, ಇದು ನನ್ನದು ಅಂದವನು. ಒಂದು ಬೆಳೆ ತೆಗೆದವನಿಗೆ ನಾನೂರು ಎಕರೆ ಅಂತ ಆಗಿನ ಸರ್ಕಾರದ ಕಾನೂನಿತ್ತು.

ಎಕರೆಯೇನೋ ಸಿಕ್ಕಿತು, ಅದರ ಮೂಲೆಗಳನ್ನು ನೆನಪಿಡುವುದು ಹೇಗೆ? ಕಾಗದ ಸುಟ್ಟುಹೋಗುತ್ತದೆ, ಕೋರ್ಟೇ ಸುಟ್ಟುಹೋಗುತ್ತದೆ. ಅದಕ್ಕೆ ನಮ್ಮವರು ಒಂದು ದಾರಿ ಕಂಡುಕೊಂಡಿದ್ದರು. ಗಂಡುಮಗನನ್ನು ಮೂಲೆಯ ಮರದ ಬುಡಕ್ಕೆ ಕರೆದುಕೊಂಡು ಹೋಗಿ, ಇದೇ ನಮ್ಮ ಮೂಲೆ ಅಂತ ತೋರಿಸಿ, ಹಿಕರಿ ಮರದ ಬರಲಿನಿಂದ ಚೆನ್ನಾಗಿ ಬಾರಿಸುವುದು. ಹುಡುಗ ತಪ್ಪೇನೂ ಮಾಡಿರುವುದಿಲ್ಲ. ಆ ಏಟು ಬರೀ ನೆನಪಿಗೆ. ಮುಂದೆ ಎಂದಾದರೂ ಕೋರ್ಟಿನವರು ಕೇಳಿದರೆ ಅವನು ಕಣ್ಣುಮುಚ್ಚಿ ಆ ಜಾಗ ತೋರಿಸುತ್ತಾನೆ. ಬೇರೆ ಮನೆತನಗಳು ಈ ಪದ್ಧತಿಯನ್ನು ಯಾವಾಗಲೋ ಬಿಟ್ಟವು. ನಮ್ಮವರು ಬಿಡಲಿಲ್ಲ. ಹರ್ಶೆಲ್‌ಗೆ ಆರು ವರ್ಷವಾದಾಗ ಅಪ್ಪ ಅವನನ್ನು ನೆತ್ತಿಯ ಓಕ್ ಮರದ ಹತ್ತಿರ ಕರೆದುಕೊಂಡು ಹೋದ. ಅವನು ಕುಂಟುತ್ತಾ ವಾಪಸು ಬಂದದ್ದನ್ನು ಅಮ್ಮ ಎಷ್ಟು ಸಲ ಹೇಳಿದ್ದಾಳೋ. ಅವನಿಗೆ ಅದು ಹೆಮ್ಮೆ. “ಅಪ್ಪ ಗಡಿ ಒಪ್ಪಿಸಿದ್ದು ನನಗೆ” ಅನ್ನುತ್ತಾನೆ. ಹೆಣ್ಣು ಅಂತ ನನ್ನನ್ನು ಬಿಟ್ಟಿದ್ದರು. ನಿಜ ಹೇಳಬೇಕೆಂದರೆ, ಚಿಕ್ಕಂದಿನಲ್ಲಿ ನನಗೆ ಅದಕ್ಕೆ ಹೊಟ್ಟೆಕಿಚ್ಚಿತ್ತು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ನಾನು ಕೋರ್ಟಿನ ನೆಲಮಾಳಿಗೆಯಲ್ಲಿ ಅಬ್ನರಜ್ಜನ ಎದುರು ಕೂತಿದ್ದೆ. ರೆಕಾರ್ಡ್ ರೂಮಿನ ನೆಟ್ಟಿ ಧೂಳು ಕೊಡವಿ ಒಂದು ಕಟ್ಟು ತಂದಿಟ್ಟು, “ಇದನ್ನ ನಾನು ಬಂದಾಗಿಂದ ಯಾರೂ ಬಿಚ್ಚಿಲ್ಲ, ನಿಧಾನ,” ಅಂದಳು. ದಾರ ಬಿಚ್ಚಿದರೆ ಜೊಸೈಯಾ ವಾರ್ನಾಕ್ ಎಂಬವನು ಅಬ್ನರ್ ಪ್ರೆವಿಟ್ ಮೇಲೆ ಹೂಡಿದ ದಾವೆ. ಇಸವಿ ಸಾವಿರದ ಎಂಟುನೂರ ಎಂಟು. ವ್ಯಾಜ್ಯ ಏನೆಂದು ನೋಡಿದರೆ ಅದೇ ಇಳಿಜಾರು, ಅದೇ ಬಿಳಿ ಓಕ್ ಮರ. ಇನ್ನೂರು ವರ್ಷದಿಂದ ಈ ಎರಡು ಮನೆಯವರಿಗೆ ಬೇರೆ ಕೆಲಸವೇ ಇರಲಿಲ್ಲವೇನೋ.

ಆ ಕಾಲದಲ್ಲಿ ಗಡಿ ವ್ಯಾಜ್ಯದ ಸಾಕ್ಷಿಯನ್ನು ಕೋರ್ಟಿನಲ್ಲಿ ಕೇಳುತ್ತಿರಲಿಲ್ಲ. ಕೋರ್ಟಿನ ಕಮಿಷನರುಗಳೇ ಗುಡ್ಡ ಹತ್ತಿ, ಮರದ ಬುಡದಲ್ಲೇ ಕೂತು ಹೇಳಿಕೆ ಬರೆದುಕೊಳ್ಳುತ್ತಿದ್ದರು. ಮೊದಲ ಹೇಳಿಕೆ ಅಬ್ನರನ ಮಗ ಲೀವೈನದು. ಓದುತ್ತಾ ನನಗೆ ಖುಷಿಯಾಯಿತು. ಪೂರಾ ನಮ್ಮ ಪರವಾಗಿತ್ತು.

‘ಇಪ್ಪತ್ತೊಂದು ವರ್ಷ ವಯಸ್ಸಿನ ಈ ಸಾಕ್ಷಿಯು ಪ್ರಮಾಣಮಾಡಿ ಹೇಳುವುದೇನೆಂದರೆ: ತಾನು ಹನ್ನೆರಡು ವರ್ಷದವನಿದ್ದಾಗ ತನ್ನ ತಂದೆಯು ತನ್ನನ್ನು ನೆತ್ತಿಯ ಮೇಲಿನ ಈ ಮರದ ಬುಡಕ್ಕೆ ಕರೆತಂದು, ಇದೇ ನಮ್ಮ ಮೂಲೆಯೆಂದು ತೋರಿಸಿ, ಮರೆಯದಿರಲೆಂದು ಬರಲಿನಿಂದ ಬಲವಾಗಿ ಹೊಡೆದನು. ಆಗ ಮರದ ಮೇಲಿನ ಕೊಡಲಿಯ ಗುರುತು ಬೆಳ್ಳಗೆ ಹಸಿಯಾಗಿದ್ದು ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಹಳೆಯ ಗುರುತನ್ನೇ ಹೊಸದು ಮಾಡಿದೆನೆಂದು ತಂದೆಯು ಹೇಳಿದನು. ತಾನು ಸಾಯುವ ತನಕ ಈ ಜಾಗವನ್ನು ಮರೆಯಲಾರೆನು.’

ಹಸಿಯಾಗಿತ್ತು ಅನ್ನುವಲ್ಲಿಗೆ ಬಂದಾಗ ನನ್ನ ಖುಷಿ ನಿಂತುಹೋಯಿತು. ಕಮಿಷನರುಗಳಿಗೂ ಅಲ್ಲೇ ಅನುಮಾನ ಬಂದಿರಬೇಕು. ಮುಂದಿನ ಹಾಳೆಯಲ್ಲಿ ಅವರು ಕೊಡಲಿ ತರಿಸಿದ್ದರು.

ಮರಕ್ಕೆ ಗುರುತು ಕಡಿದರೆ ಅದರ ಮೇಲೆ ವರ್ಷಕ್ಕೊಂದು ಉಂಗುರದಂತೆ ಹೊಸ ಮರ ಬೆಳೆದು ಮುಚ್ಚಿಕೊಳ್ಳುತ್ತದೆ. ಗುರುತಿರುವ ಜಾಗವನ್ನು ತುಂಡಾಗಿ ಕಡಿದು ತೆಗೆದು ಉಂಗುರ ಎಣಿಸಿದರೆ ಗುರುತಿನ ವಯಸ್ಸು ಗೊತ್ತಾಗುತ್ತದೆ. ಅಬ್ನರನ ಜಮೀನು ಅಳೆದು, ಮೂಲೆ ಮರಕ್ಕೆ ಕೊಡಲಿಯಿಂದ ಗುರುತು ಹಾಕಿ ಆಗ ಇಪ್ಪತ್ತನಾಲ್ಕು ವರ್ಷವಾಗಿತ್ತು. ನೆತ್ತಿಯ ಮರದಲ್ಲಿ ಒಂದು ಗೇಣು ಆಳಕ್ಕೆ ಕಡಿದು ನೋಡಿದರೆ ಗುರುತಿನ ಮೇಲೆ ಇದ್ದದ್ದು ಒಂಬತ್ತೇ ಉಂಗುರ. ಅದರಡಿ ಹಳೆಯ ಗುರುತಿನ ಸುಳಿವೇ ಇರಲಿಲ್ಲ. ಆಮೇಲೆ ಅವರು ಕೆಳಗಿಳಿದು ಒರತೆಯ ಪಕ್ಕದ ಓಕ್ ಮರವನ್ನು ಕಡಿದು ನೋಡಿದರು. ಅಲ್ಲಿ ಗುರುತೂ ಇತ್ತು, ಅದರ ಮೇಲೆ ಇಪ್ಪತ್ತನಾಲ್ಕು ಉಂಗುರವೂ ಇತ್ತು.

ಅಬ್ನರಜ್ಜ ಮೂಲೆಯನ್ನೇ ಎತ್ತಿ ನೆತ್ತಿಗೆ ಇಟ್ಟಿದ್ದ. ಅಷ್ಟೇ ಆಗಿದ್ದರೆ ಕಳ್ಳ ಅಂತ ಬೈದು ಸುಮ್ಮನಾಗಬಹುದಿತ್ತು. ಅವನು ಕಳ್ಳ ಗುರುತು ಕಡಿದ ದಿನವೇ ಮಗನನ್ನು ಅಲ್ಲಿಗೆ ಕರೆತಂದು ಹೊಡೆದಿದ್ದ. ಸುಳ್ಳು ಹೇಳೆಂದು ಹುಡುಗನಿಗೆ ಕಲಿಸಿದರೆ ಎಂದಾದರೂ ಸಿಕ್ಕಿಬೀಳುತ್ತಾನೆ. ಅದಕ್ಕೇ ಸುಳ್ಳನ್ನು ಅವನ ಬೆನ್ನಿನ ಮೇಲೆ ನಿಜ ಮಾಡಿಬಿಟ್ಟ. ಲೀವೈ ಹೇಳಿದ್ದೆಲ್ಲ ಸತ್ಯ. ಅವನು ತನ್ನ ಮಗನಿಗೆ ಹೊಡೆದ, ಆ ಮಗ ಅವನ ಮಗನಿಗೆ. ಹಾಗೇ ಬಂದು ಬಂದು ಹರ್ಶೆಲ್‌ಗೆ ಬಿತ್ತು.

ತೀರ್ಪು ಹುಡುಕಿದೆ. ತೀರ್ಪೇ ಇರಲಿಲ್ಲ. ಜೊಸೈಯಾ ಆ ಚಳಿಗಾಲ ಜ್ವರದಲ್ಲಿ ಸತ್ತು, ಅವನ ಹೆಂಡತಿ ಮಕ್ಕಳೊಂದಿಗೆ ಮಿಸೌರಿಗೆ ಹೋದ ಮೇಲೆ ಕೇಳುವವರಿಲ್ಲದೆ ದಾವೆ ಬಿದ್ದುಹೋಗಿತ್ತು. ಅವನ ತಮ್ಮನ ಕಡೆಯವರು ಮಾತ್ರ ಇಲ್ಲೇ ಉಳಿದರು.

“ಏನಮ್ಮ ಒಲೀನ್, ಸತ್ತೋರ್ನೆಲ್ಲ ಎಬ್ಬಿಸ್ತಾ ಇದೀಯ?”

ಆ ಜೊಸೈಯಾನ ತಮ್ಮನ ಕಡೆಯವನೇ ಮೆಟ್ಟಿಲಿಳಿದು ಬಂದು ನನ್ನೆದುರು ನಿಂತಿದ್ದ. ಕ್ಲೀಟಸ್. ಜಾಕೆಟ್ಟಿನ ಕೆಳಗೆ ಸೊಂಟದಲ್ಲಿ ಪಿಸ್ತೂಲಿನ ಹಿಡಿ ಕಾಣುತ್ತಿತ್ತು. ನನ್ನ ಎರಡು ಕೈಗಳೂ ತಾವಾಗಿಯೇ ಹೋಗಿ ಹಾಳೆಗಳ ಮೇಲೆ ಕೂತವು.

“ಹೀಗೇ... ಅಜ್ಜಿಯ ಮದುವೆ ದಾಖಲೆ,” ಅಂದೆ.

“ಮದುವೆನಾ? ಹೆದರಿಕೊಂಡಿರೋದು ನೋಡಿದ್ರೆ ನಿನ್ನದೇ ಮದುವೆ ಅನ್ಕೋಬೇಕು.” ನಕ್ಕ. ಆಮೇಲೆ ನಗು ನಿಲ್ಲಿಸಿದ. “ನಿಮ್ಮಣ್ಣಂಗೆ ಹೇಳು. ನಾಳೆ ನಾನು ಬರಿಗೈಲಿ ಬರಲ್ಲ. ಆ ಸಲ ನಮ್ಮ ಹುಡುಗ್ರ ತಲೆ ಮೇಲಿಂದ ಹಾರಿಸ್ದ, ಸುಮ್ನಿದ್ದೆ. ನನ್ ಹೆಂಡ್ತಿ ರಾತ್ರಿಯೆಲ್ಲ ಅಳ್ತಾಳೆ, ಗೊತ್ತಾ? ಹೋಗಬೇಡ ಅಂತಾಳೆ. ಹೋಗ್ದೆ ಹೆಂಗಿರ್ಲಿ?”

ಅವನಿಗೂ ಭಯವಾಗಿದೆ ಅನ್ನುವುದು ಆಗ ತಿಳಿಯಿತು. ನನ್ನ ಹೆದರಿಕೆ ಅದರಿಂದ ಇಮ್ಮಡಿಯಾಯಿತು. ಹೆದರಿದವನ ಕೈಯಲ್ಲಿ ಪಿಸ್ತೂಲು ಇರುವುದಕ್ಕಿಂತ ಕೆಟ್ಟದ್ದು ಯಾವುದಿದೆ? ಅವನ ಹಕ್ಕಿನ ಪುರಾವೆ ನನ್ನ ಅಂಗೈಯ ಕೆಳಗೆ ಬೆವರಿನಲ್ಲಿ ಒದ್ದೆಯಾಗುತ್ತಿತ್ತು. ಕೊಟ್ಟುಬಿಡಲೇ ಅನ್ನಿಸಿತು. ಕೊಟ್ಟರೆ ನಾಳೆ ಅವನು ಅದನ್ನು ಬೀಸುತ್ತಾ ಗುಡ್ಡ ಹತ್ತುತ್ತಾನೆ, ಹರ್ಶೆಲ್ ಮೊದಲು ಅವನ ಬಾಯಿಂದ ಅದನ್ನು ಕೇಳುತ್ತಾನೆ. ಕೇಳಿ ಮುಗಿಸುವ ತನಕ ಕಾಯುತ್ತಾನೆಯೇ? ನಾನು ಕೈ ತೆಗೆಯಲಿಲ್ಲ.

ಅವನು ಹೋದ ಮೇಲೆ ನೆಟ್ಟಿಯ ಹತ್ತಿರ ನಕಲು ತೆಗೆಸಿ ಕೈಚೀಲಕ್ಕೆ ತುರುಕಿಕೊಂಡೆ. ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಏನೂ ಸಿಗಲಿಲ್ಲ ಅಂದರೆ ಹರ್ಶೆಲ್ ತನ್ನ ನೆನಪನ್ನೇ ನಂಬಿ ಗುಂಡು ಹೊಡೆಯುತ್ತಾನೆ. ನಮ್ಮ ಕಡೆಯೇ ಇದೆ ಅಂತ ಸುಳ್ಳು ಹೇಳಿದರೆ ಸಮಾಧಾನದಿಂದ ಹೊಡೆಯುತ್ತಾನೆ. ನಿಜ ಹೇಳಿದರೆ? ಅದೊಂದು ಮಾತ್ರ ಊಹಿಸಲಾಗಲಿಲ್ಲ. ಊಹಿಸಲಾಗದ್ದೇ ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ರಾತ್ರಿ ಹೋಗಲು ಧೈರ್ಯ ಸಾಲದೆ, ಗುರುವಾರ ಬೆಳಕು ಹರಿದ ಮೇಲೆ ಹರ್ಶೆಲ್‌ನ ಮನೆಗೆ ಹೋದರೆ ಬಾಗಿಲು ತೆರೆದಿತ್ತು, ಕಾಫಿ ಪಾತ್ರೆ ಇನ್ನೂ ಬಿಸಿಯಿತ್ತು, ಗೋಡೆಯ ಮೇಲೆ ಬಂದೂಕಿರಲಿಲ್ಲ. ಗುಡ್ಡ ಹತ್ತಿದೆ. ಒದ್ದೆ ಎಲೆಗಳ ಮೇಲೆ ಎರಡು ಸಲ ಜಾರಿ ಬಿದ್ದೆ. ಪ್ರತಿ ಹೆಜ್ಜೆಗೂ ಈಗ ಸದ್ದು ಕೇಳುತ್ತೆ, ಈಗ ಕೇಳುತ್ತೆ ಅಂದುಕೊಳ್ಳುತ್ತಾ, ದೇವರನ್ನೂ ಅಬ್ನರಜ್ಜನನ್ನೂ ಒಟ್ಟಿಗೇ ನೆನೆಯುತ್ತಾ ಹೋದೆ. ದೇವರಿಗೆ ಬೇಡಿಕೆ, ಅಬ್ನರಜ್ಜನಿಗೆ ಬೈಗುಳ.

ಹರ್ಶೆಲ್ ಮರಕ್ಕೆ ಒರಗಿ ಕೂತಿದ್ದ. ಬಂದೂಕು ಮೊಣಕಾಲ ಮೇಲಿತ್ತು.

“ಸಿಕ್ತಾ?” ಅಂದ.

“ಸಿಕ್ತು.”

“ನಮ್ ಕಡೆನಾ?”

“ಓದ್ತೀನಿ, ಕೇಳು. ಮಧ್ಯೆ ಮಾತಾಡಬೇಡ,” ಅಂದೆ. ಓದಿದೆ. ಸಾಲು ತಪ್ಪಿ ಎರಡು ಸಲ ಹಿಂದಕ್ಕೆ ಹೋಗಬೇಕಾಯಿತು. ಲೀವೈನ ಹೇಳಿಕೆಗೆ ಅವನು ತಲೆಯಾಡಿಸಿದ. ಉಂಗುರಗಳ ಮಾತು ಬಂದಾಗ ತಲೆಯಾಡಿಸುವುದು ನಿಂತಿತು. ಓದಿ ಮುಗಿಸಿದ ಮೇಲೆ ಅವನು ನಿಧಾನವಾಗಿ ಹಿಂದಕ್ಕೆ ತಿರುಗಿ ಮರವನ್ನು ನೋಡಿದ. ಎದೆಯ ಮಟ್ಟದಲ್ಲಿ ತುಟಿಗಳ ಹಾಗೆ ಮಡಚಿಕೊಂಡ ಒಂದು ಪೊಟರೆ ಅಲ್ಲಿತ್ತು. ಅಬ್ನರಜ್ಜನ ಗುರುತು ಅಂತ ಅಪ್ಪ ಹೇಳುತ್ತಿದ್ದದ್ದು ಅದನ್ನೇ. ಅವನು ಅದರೊಳಗೆ ಕೈಹಾಕಿದ. ಸರಿಯಾಗಿ ಒಂದು ಗೇಣು ಒಳಗೆ ಹೋಯಿತು.

“ಕೋರ್ಟಿನೋರು ಕಡ್ದಿದ್ದಾ ಇದು?”

“ಹೂಂ.”

“ಕಾಗದದಲ್ಲಿ ಏನ್ ಬೇಕಾದ್ರೂ ಬರೀಬೋದು,” ಅಂದ. ಅವನ ಕಣ್ಣು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. “ಈ ಮರ ನಂಗೊತ್ತು. ಕಣ್ಣು ಕಟ್ಟಿದ್ರೂ ಬತ್ತೀನಿ ಇಲ್ಲಿಗೆ. ಅಪ್ಪ ನನ್ನ ಇಲ್ಲಿ, ಇಲ್ಲೇ ನಿಲ್ಲಿಸಿ...”

“ಗೊತ್ತು ಹರ್ಶೆಲ್. ಲೀವೈನೂ ಅದನ್ನೇ ಹೇಳ್ದ.”

ಕೆಳಗೆ, ದೂರದಲ್ಲಿ, ಗಾಡಿಯ ಬಾಗಿಲು ಹಾಕಿದ ಸದ್ದು ಕೇಳಿತು.

“ಲೀವೈ ಸುಳ್ಳು ಹೇಳ್ಲಿಲ್ಲ, ಅಲ್ವಾ?”

“ಇಲ್ಲ.”

“ನಮ್ಮಪ್ಪನೂ ಹೇಳ್ಲಿಲ್ಲ.”

“ಇಲ್ಲ ಕಣೋ. ಅಪ್ಪಂಗೂ ಇಲ್ಲೇ ಬಿದ್ದಿತ್ತು.”

ಕ್ಲೀಟಸ್‌ನ ದನಿ, ಇನ್ನೊಬ್ಬನ ದನಿ, ಒಣಕಡ್ಡಿ ಮುರಿಯುವ ಸದ್ದು ಹತ್ತಿರ ಬರುತ್ತಿತ್ತು. ನಾನು ಓಡಿಹೋಗಬೇಕೆಂದುಕೊಂಡೆ. ಓಡಲಿಲ್ಲ.

“ಡ್ವೇನ್‌ಗೂ ಇಲ್ಲೇ ಹೊಡ್ದೆ,” ಅಂದ ಹರ್ಶೆಲ್.

ಡ್ವೇನ್ ಅವನ ಮಗ, ಒಬ್ಬನೇ ಮಗ. ಪೇಟೆಯಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ಅಪ್ಪ ಮಗ ಮಾತು ಬಿಟ್ಟು ಮೂವತ್ತು ವರ್ಷವಾಯಿತು. ಟ್ರಕ್ಕು ಮಾರಿದ ವಿಷಯಕ್ಕೆ ಜಗಳ ಅಂತ ನಾವೆಲ್ಲ ಅಂದುಕೊಂಡಿದ್ದೆವು.

“ಎಂಟು ವರ್ಷ ಅವಂಗೆ. ನಗ್ತಾ ಇದ್ದ ಸಿಸ್. ಆಟ ಅನ್ಕೊಂಡಿದ್ದ. ನಗೋ ವಿಷಯ ಅಲ್ಲ ಅಂತ ಇನ್ನೂ ಹೊಡ್ದೆ. ನಗು ನಿಲ್ಲೋ ತನಕ ಹೊಡ್ದೆ. ಅಂಗಿ ಬೆನ್ನಿಗೆ ಅಂಟ್ಕೊಂಡಿತ್ತು. ಮನೇಲಿ ಅವರಮ್ಮ ನೀರು ಹಾಕಿ ಬಿಡಿಸಿದ್ಲು. ಯಾರಿಗೂ ಹೇಳಬೇಡ ಅಂದೆ.”

ಹರ್ಶೆಲ್ ಬಂದೂಕನ್ನು ಎತ್ತಿಕೊಂಡ. ಅಲ್ಲಿಯವರೆಗೆ ನಾನು ಹೆದರಿದ್ದೆಲ್ಲ ಏನೂ ಅಲ್ಲ. ಅದರ ಬಾಯಿ ಕೆಳಗಿನ ಕಾಲುದಾರಿಯ ಕಡೆಗೆ ತಿರುಗಿರಲಿಲ್ಲ. ಅವನ ಗದ್ದದ ಹತ್ತಿರ ಇತ್ತು, ಅವನು ಅದರ ಮೇಲೆ ಬಾಗುತ್ತಿದ್ದ. ನಾನು ಎರಡೂ ಕೈಯಲ್ಲಿ ಕೊಳವೆ ಹಿಡಿದು ಪಕ್ಕಕ್ಕೆ ಎಳೆದು ಅವನ ಪಕ್ಕದಲ್ಲೇ ಕುಸಿದು ಕೂತೆ.

“ಬಿಡು.”

“ಬಿಡಲ್ಲ.”

“ಸಿಸ್, ಬಿಡೆ.”

“ಬಿಡಲ್ಲ ಅಂದ್ನಲ್ಲ! ಸಾಯಿಸಬೇಕು ಅಂದ್ರೆ ಮೊದಲು ನನ್ ಸಾಯಿಸು, ಇಲ್ಲಿ ಹೆದರಿಕೆಗೆ ಅರ್ಧ ಸತ್ತಿದೀನಿ.” ಅಳುತ್ತಿದ್ದೆನೋ ಕೂಗುತ್ತಿದ್ದೆನೋ ತಿಳಿಯದು.

“ಹರ್ಶೆಲ್!” ಕೆಳಗಿನಿಂದ ಕ್ಲೀಟಸ್‌ನ ಕೂಗು, ಸ್ವಲ್ಪ ಒಡೆದ ದನಿಯಲ್ಲಿ. “ಬಂದೂಕು ಎಲ್ಲೈತೆ? ನಂಗೆ ಕಾಣೋ ಹಂಗಿಡು!”

ಹರ್ಶೆಲ್ ಕಣ್ಣು ಒರೆಸಿಕೊಂಡ. “ಸಿಸ್ ಕೈಲೈತೆ!” ಅಂತ ಕೂಗಿದ. ನೋಡಿದರೆ ನಿಜ. ಅವನು ಯಾವಾಗ ಕೈಬಿಟ್ಟನೋ, ಬಂದೂಕು ಪೂರ್ತಿ ನನ್ನ ಮಡಿಲಲ್ಲಿತ್ತು. “ಮೇಲೆ ಹತ್ತಬೇಡಿ. ಮೂಲೆ ಇದಲ್ಲ. ಕೆಳಗೆ, ಒರತೆ ಹತ್ರ. ಅಲ್ಲೇ ಕಟ್ಕೊಳ್ಳಿ ನಿಮ್ ರಿಬ್ಬನ್.”

ಅವರು ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ. ಕೊನೆಗೆ ಸರ್ವೇಯರನೇ ಕ್ಲೀಟಸ್‌ನ ತೋಳು ಹಿಡಿದು ಕೆಳಕ್ಕೆ ಕರೆದುಕೊಂಡು ಹೋದ. ಕ್ಲೀಟಸ್ ಮರಗಳ ನಡುವೆ ಮರೆಯಾಗುವ ತನಕ ಹಿಂದುಹಿಂದಕ್ಕೇ ನಡೆದ.

ನಾವಿಬ್ಬರೂ ಒದ್ದೆ ಎಲೆಗಳ ಮೇಲೆ ಕೂತೇ ಇದ್ದೆವು. ಬಂದೂಕಿನಿಂದ ಗುಂಡು ತೆಗೆಯುವುದು ಹೇಗೆಂದು ಕೇಳಿದೆ. ಅವನು ಹೇಳಿಕೊಟ್ಟ, ತಾನು ಮುಟ್ಟಲಿಲ್ಲ. ಒಂದೊಂದಾಗಿ ತೆಗೆದು ಕೈಚೀಲಕ್ಕೆ ಹಾಕಿಕೊಂಡೆ.

“ಡ್ವೇನ್ ಅಂಗಡಿ ನಂಬರ್ ಐತಾ ನಿನ್ ಹತ್ರ?” ಅಂದ ಹರ್ಶೆಲ್.

“ಐತೆ. ಏನಂತ ಹೇಳ್ತೀಯ?”

ಅವನು ಎದ್ದು ಬಟ್ಟೆಗಂಟಿದ ಒದ್ದೆ ಎಲೆಗಳನ್ನು ಕೊಡವಿಕೊಂಡ.

“ಮರ ತಪ್ಪಾಗಿತ್ತು ಅಂತ ಹೇಳ್ತೀನಿ,” ಅಂದ.